ಕೂಲರ್ ಪೆಟ್ಟಿಗೆಯ ಮೇಲಿನ ಅಂಕಿಗಳೂ ಬಯಲುಸೀಮೆಯ ಬೇಸಿಗೆಯೂ

ಕೊಟ್ಟೂರು ಅಥವಾ ಹರಪನಹಳ್ಳಿಯ ಅಂಗಡಿ ಬೀದಿಯಲ್ಲಿ ಏಪ್ರಿಲ್ ತಿಂಗಳಲ್ಲಿ ‘ಕೂಲರ್ ಇದೆಯೇ?’ ಎಂದು ಕೇಳಿ ನೋಡಿ. ಅಂಗಡಿಯವರು ತೋರಿಸುವುದು ಮೂರು ಕಡೆ ಒದ್ದೆ ಹುಲ್ಲಿನ ಪದರ, ಕೆಳಗೆ ನೀರಿನ ತೊಟ್ಟಿ, ಮುಂದೆ ಫ್ಯಾನ್ ಇರುವ ದೊಡ್ಡ ಪೆಟ್ಟಿಗೆಯನ್ನು. ಸ್ವಂತ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟ ವಿದ್ಯಾರ್ಥಿ ಕೇಳುವ ಕೂಲರ್ ಬೇರೆ. ಅದು ಪ್ರೊಸೆಸರ್ ಮೇಲೆ ಕೂರುವ ಲೋಹದ ಗೋಪುರ. ಎರಡಕ್ಕೂ ಹೆಸರು ಒಂದೇ ಆದರೂ ಅವುಗಳ ಭೌತವಿಜ್ಞಾನ ಒಂದೇ ಅಲ್ಲ.

ಹುಲ್ಲಿನ ಪದರದ ಕೂಲರ್ ನಿಜವಾಗಿಯೂ ಗಾಳಿಯನ್ನು ತಂಪು ಮಾಡುತ್ತದೆ. ನಮ್ಮ ಕಡೆಯ ಬೇಸಿಗೆಯ ಗಾಳಿ ಒಣಗಾಳಿ. ತಾಪ 40° ಸೆ., ಸಾಪೇಕ್ಷ ಆರ್ದ್ರತೆ ಶೇ. 20 ಇದ್ದಾಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 23° ತೋರಿಸುತ್ತದೆ. ನೀರು ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಗಾಳಿಯೇ ಕೊಡುವುದರಿಂದ ಕೋಣೆಯ ಗಾಳಿ ಹೊರಗಿನದಕ್ಕಿಂತ ತಂಪಾಗುತ್ತದೆ. ಪ್ರೊಸೆಸರ್ ಕೂಲರಿಗೆ ಈ ಶಕ್ತಿ ಇಲ್ಲ. ಎಷ್ಟೇ ದೊಡ್ಡದಿರಲಿ, ಎಷ್ಟೇ ಬೆಲೆಯದಿರಲಿ, ಅದು ಪ್ರೊಸೆಸರನ್ನು ತನ್ನೊಳಗೆ ಬರುವ ಗಾಳಿಗಿಂತ ಒಂದು ಡಿಗ್ರಿಯೂ ಕೆಳಗೆ ಇಳಿಸಲಾರದು. ಅದು ಮಾಡುವುದೆಲ್ಲ ಒಂದೇ ಕೆಲಸ: ಪ್ರೊಸೆಸರಿನ ತಾಪ ಗಾಳಿಯ ತಾಪಕ್ಕಿಂತ ಎಷ್ಟು ಮೇಲಿರಬೇಕು ಎಂಬ ಅಂತರವನ್ನು ಕಿರಿದಾಗಿಸುವುದು.

ಇಷ್ಟು ಸರಳವಾದ ಸಂಗತಿಯನ್ನು ಕೂಲರುಗಳ ಪೆಟ್ಟಿಗೆಗಳೂ ಜಾಹೀರಾತುಗಳೂ ಹೇಳುವುದಿಲ್ಲ. ‘ಯಾವ ಕೂಲರ್ ಕೊಳ್ಳಬೇಕು’ ಎಂದು ಸಲಹೆ ಕೊಡುವ ಬಹುಪಾಲು ವಿಮರ್ಶೆಗಳೂ ಇದನ್ನು ದಾಟಿ ಹೋಗುತ್ತವೆ. ಅವು ಮುಂದಿಡುವುದು ಮೂರು ಅಂಕಿಗಳನ್ನು: ಇಷ್ಟು ವಾಟ್, ಇಷ್ಟು ಡೆಸಿಬೆಲ್, ನಿಮಿಷಕ್ಕೆ ಇಷ್ಟು ಗಾಳಿ. ಈ ಮೂರೂ ಅಂಕಿಗಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಒಂದು ಆರ್‌ಸಿಸಿ ಮನೆಯ ಕೋಣೆಯಲ್ಲಿ ಎಷ್ಟು ಅರ್ಥ ಉಳಿಸಿಕೊಳ್ಳುತ್ತವೆ ಎಂಬುದೇ ಈ ಲೇಖನದ ಪ್ರಶ್ನೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಈ ಐದೇ ತಾಲ್ಲೂಕುಗಳು. ಇಲ್ಲಿ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಬಿಡಿಭಾಗಗಳನ್ನು ದಾವಣಗೆರೆಯಿಂದಲೋ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಅಂಚೆಯ ಮೂಲಕವೋ ತರಿಸಿಕೊಳ್ಳುತ್ತಾರೆ. ಒಂದು ಪದವಿ ವಿದ್ಯಾರ್ಥಿಯ ಮಟ್ಟಿಗೆ ಕೂಲರಿಗೆ ಕೊಡುವ ಮೂರು ಸಾವಿರಕ್ಕೂ ಹತ್ತು ಸಾವಿರಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ತಪ್ಪು ಅಂಕಿಯನ್ನು ನಂಬಿ ಕೊಂಡರೆ ವಾಪಸು ಕಳಿಸುವುದೂ ಸುಲಭವಲ್ಲ.

ವಾಟ್ ಎಂಬ ಅರ್ಧ ವಾಕ್ಯ

ಮೊದಲು ವಾಟ್. ಬಿ ಕ್ವಾಯಟ್ ಕಂಪನಿಯ ಡಾರ್ಕ್ ರಾಕ್ ಪ್ರೊ 4 ಕೂಲರಿಗೆ ಕೊಟ್ಟಿರುವ ಅಂಕಿ 250 ವಾಟ್. ಡೀಪ್‌ಕೂಲ್ ಎಕೆ620 ಕೂಲರಿಗೆ 260 ವಾಟ್. ಇದನ್ನು ಓದಿದ ವಿದ್ಯಾರ್ಥಿ 250 ವಾಟ್ ಉಷ್ಣವನ್ನು ಇದು ‘ತಡೆದುಕೊಳ್ಳುತ್ತದೆ’ ಎಂದು ತಿಳಿಯುತ್ತಾನೆ. ಆದರೆ ಉಷ್ಣ ಹರಿಯಬೇಕಾದರೆ ತಾಪದ ಅಂತರ ಬೇಕಲ್ಲವೇ? ಎಷ್ಟು ಅಂತರವಿದ್ದಾಗ 250 ವಾಟ್ ಎಂದು ಹೇಳದಿದ್ದರೆ ವಾಕ್ಯ ಅರ್ಧಕ್ಕೆ ನಿಂತಂತೆ. ಒಂದು ತಂತಿಯಲ್ಲಿ 5 ಆಂಪಿಯರ್ ಹರಿಯುತ್ತದೆ ಎಂದು ಹೇಳಿ ವೋಲ್ಟೇಜನ್ನೂ ರೋಧವನ್ನೂ ಹೇಳದಿದ್ದರೆ ನಮ್ಮ ಪಿಯುಸಿ ವಿದ್ಯಾರ್ಥಿಯೇ ಆಕ್ಷೇಪ ಎತ್ತುತ್ತಾನೆ.

ಹೋಲಿಕೆ ಇಲ್ಲಿ ಅಕ್ಷರಶಃ ಸರಿ. ಓಮ್ ನಿಯಮದಲ್ಲಿ ವಿಭವಾಂತರದ ಜಾಗದಲ್ಲಿ ತಾಪಾಂತರವನ್ನೂ, ವಿದ್ಯುತ್ ಪ್ರವಾಹದ ಜಾಗದಲ್ಲಿ ವಾಟ್‌ನಲ್ಲಿ ಉಷ್ಣಪ್ರವಾಹವನ್ನೂ ಇಡಿ. ಆಗ ಉಳಿಯುವುದು ಉಷ್ಣರೋಧ. ಅದರ ಮಾನ ಪ್ರತಿ ವಾಟಿಗೆ ಇಷ್ಟು ಡಿಗ್ರಿ. ಕೂಲರನ್ನು ಅಳೆಯಲು ಬೇಕಾದ ನಿಜವಾದ ಅಂಕಿ ಇದೇ.

ಲೆಕ್ಕ ತಿಳಿಯುವುದಕ್ಕಾಗಿ ಎರಡು ಕೂಲರುಗಳನ್ನು ತೆಗೆದುಕೊಳ್ಳೋಣ. ಪ್ರೊಸೆಸರಿನ ಚಿಪ್ಪಿನಿಂದ ಗಾಳಿಯವರೆಗಿನ ಒಟ್ಟು ಉಷ್ಣರೋಧ ಸಾಧಾರಣ ಕೂಲರಿನಲ್ಲಿ ಪ್ರತಿ ವಾಟಿಗೆ 0.45°, ದೊಡ್ಡ ಕೂಲರಿನಲ್ಲಿ 0.35° ಎಂದಿರಲಿ. (ಪ್ರೊಸೆಸರ್ ಬದಲಾದರೆ ಈ ಅಂಕಿಗಳೂ ಬದಲಾಗುತ್ತವೆ.) ವಿಮರ್ಶಕರ ಪ್ರಯೋಗಾಲಯದಲ್ಲಿ ಕೋಣೆಯ ತಾಪ 22°, ಕ್ಯಾಬಿನೆಟ್ ಒಳಗೆ ಗಾಳಿ ಇನ್ನೈದು ಡಿಗ್ರಿ ಬಿಸಿ ಎಂದುಕೊಂಡರೆ 27°. ಪ್ರೊಸೆಸರಿನ ಮಿತಿ 95° ಆದರೆ ದೊಡ್ಡ ಕೂಲರ್ ಸಾಗಿಸಬಲ್ಲ ಗರಿಷ್ಠ ಶಕ್ತಿ 68ನ್ನು 0.35ರಿಂದ ಭಾಗಿಸಿದಷ್ಟು, ಅಂದರೆ 194 ವಾಟ್. ಅದೇ ಕೂಲರನ್ನು ಮೇ ತಿಂಗಳ ಕೊಟ್ಟೂರಿಗೆ ತನ್ನಿ. ಮಧ್ಯಾಹ್ನವಿಡೀ ಕಾದ ಆರ್‌ಸಿಸಿ ಸೂರಿನ ಕೆಳಗೆ ಕೋಣೆ 38°, ಕ್ಯಾಬಿನೆಟ್ ಒಳಗೆ 43°. ಈಗ ಅದು ಸಾಗಿಸಬಲ್ಲದ್ದು 148 ವಾಟ್ ಮಾತ್ರ. ಕೂಲರ್ ಬದಲಾಗಿಲ್ಲ, ಪೆಟ್ಟಿಗೆಯ ಮೇಲಿನ ಅಂಕಿಯೂ ಬದಲಾಗಿಲ್ಲ. 46 ವಾಟ್ ಮಾತ್ರ ಬಿಸಿಲಿಗೆ ಹೋಯಿತು! ಸಾಧಾರಣ ಕೂಲರಿಗೆ ಇದೇ ಲೆಕ್ಕ ಹಾಕಿದರೆ ಮೇ ತಿಂಗಳಲ್ಲಿ ಸುಮಾರು 115 ವಾಟ್ ಬರುತ್ತದೆ.

ಇದರ ಮೇಲೆ ಗಾಳಿಯ ಸಾಂದ್ರತೆಯ ಸಣ್ಣ ತೆರಿಗೆಯೂ ಇದೆ. ಈ ತಾಲ್ಲೂಕುಗಳು ಸಮುದ್ರಮಟ್ಟದಿಂದ ಸುಮಾರು 500ರಿಂದ 650 ಮೀಟರ್ ಎತ್ತರದಲ್ಲಿವೆ. ಎತ್ತರ ಮತ್ತು 40° ತಾಪ ಎರಡನ್ನೂ ಸೇರಿಸಿದರೆ ಒಂದು ಘನ ಮೀಟರ್ ಗಾಳಿಯ ರಾಶಿ ಸುಮಾರು 1.05 ಕಿ.ಗ್ರಾಂ, ಸಮುದ್ರಮಟ್ಟದಲ್ಲಿ 20°ಯಲ್ಲಿ ಅದು 1.2 ಕಿ.ಗ್ರಾಂ. ಫ್ಯಾನ್ ಸುತ್ತುವುದು ಘನ ಅಳತೆಯ ಗಾಳಿಯನ್ನು. ಉಷ್ಣ ಹೊರುವುದು ಗಾಳಿಯ ರಾಶಿ. ಹಾಗಾಗಿ ಅದೇ ವೇಗದಲ್ಲಿ ತಿರುಗಿದರೂ ಶೇ. 12ರಿಂದ 13ರಷ್ಟು ಕಡಿಮೆ ಗಾಳಿ ಕೆಲಸಕ್ಕೆ ಸಿಗುತ್ತದೆ.

ಪ್ರೊಸೆಸರ್ ತಯಾರಕರ ವಾಟ್ ಅಂಕಿಯೂ ಇಷ್ಟೇ ಜಾರು. ಎಎಂಡಿ ಕಂಪನಿ 2018ರಲ್ಲಿ ಹೊರತಂದ ರೈಜೆನ್ 7 2700ಎಕ್ಸ್ ಪ್ರೊಸೆಸರಿನ ‘105 ವಾಟ್’ ಬಂದ ಬಗೆಯನ್ನು ನೋಡಿ. ಪ್ರೊಸೆಸರಿನ ಮುಚ್ಚಳದ ತಾಪ 61.8°, ಕೂಲರಿನ ಬಾಯಿಗೆ ಬರುವ ಗಾಳಿ 42°, ಕೂಲರಿನ ಉಷ್ಣರೋಧ 0.189 ಎಂದು ಇಟ್ಟು, ಅಂತರವನ್ನು ರೋಧದಿಂದ ಭಾಗಿಸಿದರೆ ಸಿಗುವುದು 105. ಇದು ಚಿಪ್ ಎಳೆಯುವ ವಿದ್ಯುತ್ತಿನ ಅಳತೆಯಲ್ಲ, ಬೇಕಾದ ಕೂಲರಿನ ವಿವರಣೆ. ಎಎಂಡಿಯ ಈಚಿನ ಎಎಂ5 ಪ್ರೊಸೆಸರುಗಳಲ್ಲಿ 65 ವಾಟ್ ಎಂದಿರುವುದು ಸಾಮಾನ್ಯವಾಗಿ 88 ವಾಟ್‌ವರೆಗೆ, 170 ವಾಟ್ ಎಂದಿರುವುದು 230 ವಾಟ್‌ವರೆಗೆ ಎಳೆಯಬಲ್ಲದು. ಇಂಟೆಲ್ 2022ರ ಕೋರ್ ಐ9-13900ಕೆ ಪ್ರೊಸೆಸರಿಗೆ 125 ಮತ್ತು 253 ಎಂದು ಎರಡು ಅಂಕಿಗಳನ್ನೂ ಕೊಟ್ಟಿತು. ಅಷ್ಟರ ಮಟ್ಟಿಗೆ ಅದು ಮೇಲು. ಎಎಂಡಿ ಸೂತ್ರದಲ್ಲಿರುವ 42° ನನಗೆ ಸ್ವಾರಸ್ಯಕರವಾಗಿ ಕಂಡಿತು. ತಂಪು ದೇಶದ ಎಂಜಿನಿಯರಿಗೆ ಅದು ಮುನ್ನೆಚ್ಚರಿಕೆಗಾಗಿ ಇಟ್ಟುಕೊಂಡ ಅಂಕಿ. ನಮಗೆ ಅದು ಮೇ ತಿಂಗಳ ಒಂದು ಸಾಮಾನ್ಯ ಮಧ್ಯಾಹ್ನ.

ಬಿಸಿಯಾದರೆ ಪ್ರೊಸೆಸರ್ ಸುಟ್ಟುಹೋಗುತ್ತದೆಯೇ? ಈಗಿನವು ಸುಡುವುದಿಲ್ಲ, ತಾವೇ ವೇಗ ಇಳಿಸಿಕೊಳ್ಳುತ್ತವೆ. ಆದ್ದರಿಂದ ಕಳಪೆ ಕೂಲರಿನ ದಂಡ ಕಣ್ಣಿಗೆ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ವಿಡಿಯೊ ಕೆಲಸ ಮೇ ತಿಂಗಳಲ್ಲಿ ಇನ್ನಷ್ಟು ಹೊತ್ತು ಹಿಡಿಯುತ್ತದೆ, ಅಷ್ಟೆ. ಮಾಲೀಕ ಸಾಫ್ಟ್‌ವೇರನ್ನು ಬೈಯುತ್ತಾನೆ.

ದೊಡ್ಡದರ ಒಳಗೆ ಏನಿದೆ

ದೊಡ್ಡ ಕೂಲರಿನ ವಿರುದ್ಧ ನಾನು ಬರೆಯುತ್ತಿಲ್ಲ. ಅದರ ಹಿಂದಿನ ಭೌತವಿಜ್ಞಾನ ಗಟ್ಟಿಯಾದದ್ದು, ತರಗತಿಯಲ್ಲಿ ಬಿಡಿಸಿ ತೋರಿಸಲು ಯೋಗ್ಯವಾದದ್ದು.

ಚಿಪ್ಪಿನಿಂದಲೇ ಹೊರಡೋಣ. ಎಎಂಡಿಯ ಈಚಿನ ಪ್ರೊಸೆಸರುಗಳಲ್ಲಿ ಲೆಕ್ಕ ಮಾಡುವ ಚಿಪ್ಪಿನ ವಿಸ್ತೀರ್ಣ ಸುಮಾರು 70 ಚದರ ಮಿಲಿಮೀಟರ್, ಒಂದು ಹುಣಿಸೆ ಬೀಜಕ್ಕಿಂತ ಚಿಕ್ಕದು. ಅದರೊಳಗಿಂದ 70 ವಾಟ್ ಬಂದರೆ ಚದರ ಸೆಂಟಿಮೀಟರಿಗೆ 100 ವಾಟ್. ನಿಮ್ಮ ಮನೆಯ 1000 ವಾಟಿನ ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಚದರ ಸೆಂಟಿಮೀಟರಿಗೆ ಬರುವುದು ಐದಾರು ವಾಟ್ ಮಾತ್ರ. ಇಷ್ಟು ಕಿರಿದಾದ ಜಾಗದಿಂದ ಹೊರಟ ಉಷ್ಣವನ್ನು ಹತ್ತಾರು ಅಲ್ಯೂಮಿನಿಯಂ ಹಾಳೆಗಳ ಉದ್ದಗಲಕ್ಕೆ ಹರಡಬೇಕು. ಘನ ತಾಮ್ರದ ಕಂಬಿ ಇದಕ್ಕೆ ಸಾಲದು. ಕಂಬಿ ಉದ್ದವಾದಷ್ಟೂ ತುದಿ ತಣ್ಣಗೇ ಉಳಿಯುತ್ತದೆ, ತುದಿಯ ಹಾಳೆಗಳು ದಂಡ.

ಇಲ್ಲಿ ಬರುವುದು ಉಷ್ಣನಳಿಗೆ. ಅಮೆರಿಕದ ರಿಚರ್ಡ್ ಗಾಗ್ಲರ್ 1944ರಲ್ಲಿ ಪೇಟೆಂಟ್ ಪಡೆದರೂ ಯಾರೂ ಗಮನಿಸದೆ ಉಳಿದಿದ್ದ ಈ ಕಲ್ಪನೆಯನ್ನು 1963ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ಮಾಡಿ ತೋರಿಸಿದರು. ಗಾಳಿ ಹೊರತೆಗೆದು ಮುಚ್ಚಿದ ತಾಮ್ರದ ಕೊಳವೆ, ಒಳಗೋಡೆಗೆ ತಾಮ್ರದ ಪುಡಿಯಿಂದ ಮಾಡಿದ ರಂಧ್ರಮಯ ಪದರ, ಅದರಲ್ಲಿ ಸ್ವಲ್ಪ ನೀರು. ಇಷ್ಟೇ ಅದರ ರಚನೆ. ಒತ್ತಡ ಕಡಿಮೆ ಇರುವುದರಿಂದ ಪ್ರೊಸೆಸರ್ ಕಡೆಯ ನೀರು 50°ಯಲ್ಲೂ ಆವಿಯಾಗುತ್ತದೆ. ಆವಿ ತಣ್ಣನೆಯ ತುದಿಗೆ ಓಡಿ, ಇಡ್ಲಿ ಪಾತ್ರೆಯ ಮುಚ್ಚಳದ ಕೆಳಗೆ ಹನಿಯಾಗುವಂತೆ ನೀರಾಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ರಂಧ್ರಮಯ ಪದರ ಆ ನೀರನ್ನು ಮತ್ತೆ ಬಿಸಿ ಕಡೆಗೆ ಎಳೆದು ತರುತ್ತದೆ. ನೀರಿನ ಗುಪ್ತೋಷ್ಣ ಎಷ್ಟು ದೊಡ್ಡದೆಂದರೆ 100 ವಾಟ್ ಸಾಗಿಸಲು ಸೆಕೆಂಡಿಗೆ 0.042 ಗ್ರಾಂ ನೀರು ಆವಿಯಾದರೆ ಸಾಕು. ಆರು ನಳಿಗೆಗಳಿದ್ದರೆ ಒಂದೊಂದರ ಪಾಲಿಗೆ 7 ಮಿಲಿಗ್ರಾಂ! ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಕಟ್ಟುವ ಸಂಪರ್ಕ ಉಪಗ್ರಹಗಳ ಫಲಕಗಳಲ್ಲೂ ಇದೇ ತತ್ತ್ವದ ನಳಿಗೆಗಳಿವೆ; ಅಲ್ಲಿ ನೀರಿನ ಬದಲು ಅಮೋನಿಯ.

ಒಂದು ವಿಷಯವನ್ನು ಮಾತ್ರ ಮರೆಯಬಾರದು. ಉಷ್ಣರೋಧಗಳು ಸರಣಿಯಲ್ಲಿ ಜೋಡಣೆಯಾಗಿವೆ: ಚಿಪ್ಪಿನಿಂದ ಮುಚ್ಚಳಕ್ಕೆ ಒಂದು, ಥರ್ಮಲ್ ಪೇಸ್ಟಿನದು ಇನ್ನೊಂದು, ಕೂಲರಿನದು ಮೂರನೆಯದು. ಮೊದಲನೆಯದು ತಯಾರಕರ ಕೈಯಲ್ಲಿದೆ. ನಮ್ಮ ಉದಾಹರಣೆಯ 0.35ರಲ್ಲಿ ಮೊದಲ ಎರಡರ ಪಾಲು 0.20, ಕೂಲರಿನ ಪಾಲು 0.15 ಎಂದಿರಲಿ. ಎರಡು ಮೂರು ಪಟ್ಟು ಬೆಲೆಯ ಇನ್ನೊಂದು ಕೂಲರ್ ತನ್ನ ಪಾಲನ್ನು 0.13ಕ್ಕೆ ಇಳಿಸಿತು ಅನ್ನಿ. 88 ವಾಟ್ ಎಳೆಯುವ ಪ್ರೊಸೆಸರಿನಲ್ಲಿ ಇದರಿಂದ ಆಗುವ ಲಾಭ 1.8°. ನಾಕ್ಟುವಾ ಕಂಪನಿ 2014ರಲ್ಲಿ ತಂದ ಎನ್ಎಚ್-ಡಿ15 ಆರು ನಳಿಗೆ, ಎರಡು ಗೋಪುರ, 140 ಮಿ.ಮೀ. ಅಗಲದ ಎರಡು ಫ್ಯಾನ್ ಇರುವ ಅತ್ಯುತ್ತಮ ವಸ್ತು. 2024ರ ಅದರ ಎರಡನೆಯ ಆವೃತ್ತಿಯಲ್ಲಿ ಎಂಟು ನಳಿಗೆಗಳು. ಅದನ್ನು ಮೆಚ್ಚಬಹುದು. ಆದರೆ 65 ವಾಟ್ ವರ್ಗದ ಪ್ರೊಸೆಸರಿಗೆ ಅದನ್ನು ಹೊಂದಿಸುವುದು ಎತ್ತಿನ ಗಾಡಿಯ ಹೊರೆಗೆ ಲಾರಿ ಬಾಡಿಗೆ ಮಾಡಿದಂತೆ. ವಾಟ್ ಅಂಕಿಯನ್ನು ಕೈಬಿಟ್ಟು ತನ್ನದೇ ಆದ ಸಾಮರ್ಥ್ಯದ ಅಂಕ ಕೊಡುವ ಕ್ರಮವನ್ನು ಈ ಕಂಪನಿ ಹಾಕಿಕೊಂಡಿದೆ. ವಾಟ್ ಅಂಕಿ ಹೋಲಿಕೆಗೆ ಬಾರದು ಎಂದು ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಮಾನವಿಲ್ಲದ ಆ ಅಂಕವೂ ಇನ್ನೊಂದು ಕಂಪನಿಯ ಕೂಲರಿನೊಂದಿಗೆ ತೂಗಿ ನೋಡಲು ಬರುವುದಿಲ್ಲ.

ನಿಶ್ಶಬ್ದವೆಂದರೆ ಎಷ್ಟು?

ದೊಡ್ಡ ಫ್ಯಾನ್ ಏಕೆ ಮೆಲ್ಲಗಿರುತ್ತದೆ ಎಂಬುದಕ್ಕೆ ಫ್ಯಾನ್ ನಿಯಮಗಳು ಉತ್ತರ ಕೊಡುತ್ತವೆ. ಒಂದೇ ಆಕಾರದ ಫ್ಯಾನುಗಳಲ್ಲಿ ಗಾಳಿಯ ಪ್ರಮಾಣ ವೇಗಕ್ಕೂ ವ್ಯಾಸದ ಘನಕ್ಕೂ ಅನುಪಾತದಲ್ಲಿರುತ್ತದೆ. ಶಬ್ದ ವೇಗದ ಸುಮಾರು ಐದನೆಯ ಘಾತಕ್ಕೆ, ವ್ಯಾಸದ ಸುಮಾರು ಏಳನೆಯ ಘಾತಕ್ಕೆ ಹೊಂದಿಕೊಂಡಿರುತ್ತದೆ. ಹೀಗಾಗಿ ವೇಗ ಅರ್ಧವಾದರೆ 15 ಡೆಸಿಬೆಲ್ ಇಳಿಯುತ್ತದೆ. 92 ಮಿ.ಮೀ. ಫ್ಯಾನ್ ಬದಲು 140 ಮಿ.ಮೀ. ಫ್ಯಾನ್ ಹಾಕಿ ಅಷ್ಟೇ ಗಾಳಿ ಬೀಸುವಂತೆ ಮಾಡಿದರೆ ವೇಗ ಮೂರನೆಯ ಒಂದಂಶಕ್ಕಿಂತ ಕೆಳಗಿಳಿಯುತ್ತದೆ. ವ್ಯಾಸ ಹೆಚ್ಚಿದ್ದರಿಂದ ಬರುವ ಶಬ್ದವನ್ನು ಕೂಡಿ ಕಳೆದರೂ ಸುಮಾರು 14ರಿಂದ 15 ಡೆಸಿಬೆಲ್ ಲಾಭ ಉಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಶಬ್ದ ಅರ್ಧವಾದಂತೆ ಅನ್ನಿಸುವುದರಿಂದ ಇದು ದೊಡ್ಡ ವ್ಯತ್ಯಾಸ. ಸ್ವರವೂ ಕೆಳಗಿಳಿಯುತ್ತದೆ; ಏಳು ಎಸಳಿನ ಫ್ಯಾನ್ ನಿಮಿಷಕ್ಕೆ 2800 ಸುತ್ತು ತಿರುಗಿದರೆ 327 ಹರ್ಟ್ಸ್, 800 ಸುತ್ತಿನಲ್ಲಿ 93 ಹರ್ಟ್ಸ್. ಕೀರಲು ಹೋಗಿ ಗುಂಯ್‌ಗುಡುವಿಕೆ ಉಳಿಯುತ್ತದೆ.

ಸರಿಯಾದ ಈ ತತ್ತ್ವವನ್ನು ಪೆಟ್ಟಿಗೆಯ ಅಂಕಿಗಳು ದುರ್ಬಳಕೆ ಮಾಡುತ್ತವೆ. ನಾಕ್ಟುವಾ ಎನ್ಎಚ್-ಡಿ15 ಫ್ಯಾನಿಗೆ 24.6 ಡೆಸಿಬೆಲ್ ಎಂದಿದೆ. ಬೆಲೆಯಲ್ಲಿ ಅದಕ್ಕಿಂತ ಬಹಳ ಕೆಳಗಿರುವ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್ಇ ಕೂಲರಿನ ಫ್ಯಾನಿಗೆ 25.6. ಎಷ್ಟು ದೂರದಿಂದ, ಯಾವ ಕೋಣೆಯಲ್ಲಿ, ಫ್ಯಾನನ್ನು ಹಾಳೆಗಳ ಮುಂದೆ ಕಟ್ಟಿ ಅಳೆದದ್ದೋ ಬಯಲಲ್ಲಿ ಹಿಡಿದು ಅಳೆದದ್ದೋ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾದಾಗ, ದಶಮಾಂಶ ಬಿಂದುವಿನ ಬಲಕ್ಕಿರುವ ಅಂಕಿ ಬರೀ ಅಲಂಕಾರ. ಎರಡು ಫ್ಯಾನ್ ಇದ್ದರೆ 3 ಡೆಸಿಬೆಲ್ ಸೇರಬೇಕೆಂಬುದನ್ನೂ ಕೊಳ್ಳುವವರೇ ನೆನಪಿಟ್ಟುಕೊಳ್ಳಬೇಕು.

ಇನ್ನು ನಮ್ಮ ಕೋಣೆಗೆ ಬನ್ನಿ. ಬೇಸಿಗೆಯಲ್ಲಿ ತಲೆಯ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿರುತ್ತದೆ. ಅದರ ಶಬ್ದ 45 ಡೆಸಿಬೆಲ್ ಎಂದೇ ಇಟ್ಟುಕೊಳ್ಳಿ. ಅದಕ್ಕೆ 25 ಡೆಸಿಬೆಲ್ ಕೂಲರ್ ಸೇರಿಸಿದರೆ ಒಟ್ಟು 45.04. ಲಘುಗಣಕದ ಕೋಷ್ಟಕ ಗೊತ್ತಿರುವ ಯಾವ ವಿದ್ಯಾರ್ಥಿಯೂ ಇದನ್ನು ಲೆಕ್ಕ ಹಾಕಬಹುದು. ಹುಲ್ಲಿನ ಪದರದ ಕೂಲರ್ ಹಾಕಿದರಂತೂ ಕೇಳಲೇಬೇಡಿ. 25 ಮತ್ತು 28ರ ನಡುವಿನ ಅಂತರಕ್ಕೆ ಹಣ ಕೊಡಿ ಎನ್ನುವ ವಿಮರ್ಶಕ ಸೀಲಿಂಗ್ ಫ್ಯಾನ್ ಇಲ್ಲದ, ಕಿಟಕಿ ಮುಚ್ಚಿದ ಮನೆಯಲ್ಲಿ ಕುಳಿತಿದ್ದಾನೆ. ಅವನ ಮಾತು ಅವನ ಕೋಣೆಗೆ ಸರಿ.

ಹಾಗಾದರೆ ನಮಗೆ ನಿಶ್ಶಬ್ದ ಬೇಡವೇ? ಬೇಕು, ಬೇರೆ ಕಾರಣಕ್ಕೆ. ನವೆಂಬರಿನಿಂದ ಫೆಬ್ರವರಿವರೆಗೆ ಸೀಲಿಂಗ್ ಫ್ಯಾನ್ ನಿಲ್ಲುತ್ತದೆ. ಆ ರಾತ್ರಿಗಳಲ್ಲಿ ಹಡಗಲಿ ಅಥವಾ ಹಗರಿಬೊಮ್ಮನಹಳ್ಳಿಯ ಬಡಾವಣೆಯ ಮನೆ ನಗರದ ಮನೆಗಿಂತ ಎಷ್ಟೋ ಮೌನ. ಪಾಠವನ್ನು ಧ್ವನಿಮುದ್ರಿಸಿಕೊಳ್ಳುವ ಶಿಕ್ಷಕರಿಗೆ ಆಗ ಕೂಲರಿನ ಶಬ್ದ ಮೈಕಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಆ ತಿಂಗಳುಗಳಲ್ಲಿ ಕೋಣೆಯೂ ತಂಪಾಗಿರುತ್ತದೆ. ಸಾಧಾರಣ ಗೋಪುರ ಕೂಲರಿನ ಒಂದೇ 120 ಮಿ.ಮೀ. ಫ್ಯಾನ್ ಕೂಡ ಆಗ ಮೆಲ್ಲಗೆ ತಿರುಗಿ ಕೆಲಸ ಮುಗಿಸುತ್ತದೆ. ಬಿಸಿ ಇದ್ದಾಗ ಮೌನ ಬೇಕಿಲ್ಲ, ಮೌನ ಬೇಕಿದ್ದಾಗ ಬಿಸಿ ಇಲ್ಲ! ಕಿವಿಯನ್ನು ನಿಜವಾಗಿ ಕಾಡುವುದು ಫ್ಯಾನ್ ವೇಗ ಕ್ಷಣಕ್ಷಣಕ್ಕೂ ಏರಿಳಿಯುವುದು. ಇದನ್ನು ಬಯಾಸ್‌ನಲ್ಲಿ ಫ್ಯಾನ್ ನಿಧಾನವಾಗಿ ಪ್ರತಿಕ್ರಿಯಿಸುವಂತೆ ಹೊಂದಿಸಿ ಸರಿಪಡಿಸಬಹುದು. ಇದಕ್ಕೆ ದುಡ್ಡು ಬೇಡ.

ಗಾಳಿಯ ಅಂಕಿಯ ವಿಷಯ ಬೇಗ ಮುಗಿಸುತ್ತೇನೆ. ಪೆಟ್ಟಿಗೆಯ ಮೇಲಿರುವುದು ಎದುರಿಗೆ ಏನೂ ಅಡ್ಡವಿಲ್ಲದಾಗ ಸಿಗುವ ಗರಿಷ್ಠ ಗಾಳಿ, ಮತ್ತು ಗಾಳಿ ಪೂರ್ತಿ ನಿಂತಾಗ ಸಿಗುವ ಗರಿಷ್ಠ ಒತ್ತಡ. ವಿದ್ಯುತ್ಕೋಶದ ತೆರೆದ ಮಂಡಲದ ವೋಲ್ಟೇಜನ್ನೂ ಹ್ರಸ್ವಮಂಡಲದ ಪ್ರವಾಹವನ್ನೂ ಅಕ್ಕಪಕ್ಕ ಅಚ್ಚುಮಾಡಿ ಇವೆರಡೂ ಒಟ್ಟಿಗೆ ಸಿಗುತ್ತವೆ ಎನ್ನಿಸಿದಂತೆ ಇದು. ನಿಜವಾಗಿ ಎಷ್ಟು ಗಾಳಿ ಬೇಕು? 100 ವಾಟ್ ಹೊತ್ತು 10° ಬಿಸಿಯಾಗುವ ಗಾಳಿ ನಮ್ಮ ಬೇಸಿಗೆಯ ಸಾಂದ್ರತೆಯಲ್ಲಿ ಗಂಟೆಗೆ ಸುಮಾರು 34 ಘನ ಮೀಟರ್. ಎನ್ಎಚ್-ಡಿ15ರ ಒಂದು ಫ್ಯಾನಿಗೆ ಬರೆದಿರುವುದು 140.

ಒಂದು ವರ್ಷದ ನಂತರ

ವಿಮರ್ಶೆಗಳ ಅತಿ ದೊಡ್ಡ ಲೋಪವೆಂದು ನನಗೆ ತೋರುವುದು ಧೂಳು. ಕೂಲರನ್ನು ಪೆಟ್ಟಿಗೆಯಿಂದ ತೆಗೆದ ದಿನವೇ ಅಳೆದು ತೀರ್ಪು ಕೊಡುತ್ತಾರೆ. ಕೆಂಪು ಮಣ್ಣಿನ ಕೂಡ್ಲಿಗಿಯಲ್ಲೋ, ಸುಗ್ಗಿಯಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರ ಊರ ಪಕ್ಕದಲ್ಲೇ ತಿರುಗುವ ಹರಪನಹಳ್ಳಿಯ ಹಳ್ಳಿಗಳಲ್ಲೋ ಒಂದು ವರ್ಷ ಓಡಿದ ಮೇಲೆ ಅದೇ ಕೂಲರನ್ನು ಬಿಚ್ಚಿ ನೋಡಬೇಕು. ಹಾಳೆಗಳ ಬಾಯಿಗೆ ಧೂಳು, ಹೊಟ್ಟು, ನೂಲಿನೆಳೆ ಸೇರಿ ಕಂಬಳಿಯಂತೆ ಪದರ ಕಟ್ಟಿರುತ್ತದೆ.

ಇಲ್ಲಿ ನಿಶ್ಶಬ್ದದ ಗುಣವೇ ದೋಷವಾಗುತ್ತದೆ. ಫ್ಯಾನಿನ ಒತ್ತಡ ವೇಗದ ವರ್ಗಕ್ಕೆ ಅನುಪಾತ. ಅರ್ಧ ವೇಗದಲ್ಲಿ ತಿರುಗುವ ಫ್ಯಾನಿಗೆ ಕಾಲು ಭಾಗ ಒತ್ತಡ ಮಾತ್ರ. ತೆಳ್ಳನೆ ಧೂಳಿನ ಪದರವೂ ಅದರ ಗಾಳಿಯನ್ನು ಹಿಡಿದು ನಿಲ್ಲಿಸುತ್ತದೆ. ಹಾಳೆಗಳು ಒತ್ತಾಗಿದ್ದಷ್ಟೂ ಮೊದಲ ದಿನದ ಅಂಕಿ ಚೆನ್ನ, ವರ್ಷದ ನಂತರದ ಸ್ಥಿತಿ ಕೆಟ್ಟದ್ದು. ಆದ್ದರಿಂದ ನಮ್ಮ ಕಡೆಗೆ ಹಾಳೆಗಳ ನಡುವೆ ಸುಮಾರು 2 ಮಿ.ಮೀ. ಅಂತರವಿರುವ, ಫ್ಯಾನನ್ನು ತಂತಿಯ ಕೊಂಡಿಯಿಂದ ಬಿಡಿಸಬಹುದಾದ ಕೂಲರ್ ಮೇಲು. ಫ್ಯಾನ್ ತೆಗೆದು ಬಣ್ಣ ಬಳಿಯುವ ಬ್ರಷ್‌ನಿಂದ ಉಜ್ಜಿ ಬ್ಲೋವರ್ ಹಿಡಿದರೆ ಹತ್ತು ನಿಮಿಷದ ಕೆಲಸ. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಸಳನ್ನು ಬೆರಳಿನಿಂದ ತಡೆದಿಡಿ. ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಹುಲ್ಲಿನ ಪದರದ ಕೂಲರ್ ಮುಂದೆ ಕಂಪ್ಯೂಟರ್ ಇಟ್ಟರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಕೋಣೆ ತಂಪಾಗುವುದು ಒಳ್ಳೆಯದು, ನೇರ ಎದುರಿಗೆ ಇಡುವುದು ಬೇಡ. ಹಾರಿ ಬರುವ ನೀರಿನ ಹನಿಗಳಲ್ಲಿ ಬೋರ್‌ವೆಲ್ಲಿನ ಲವಣವಿರುತ್ತದೆ. ನೀರು ಆರಿದರೂ ಲವಣ ಮದರ್‌ಬೋರ್ಡ್ ಮೇಲೆ ಉಳಿಯುತ್ತದೆ.

ದ್ರವದ ಕೂಲರುಗಳನ್ನು ಇಲ್ಲಿಗೆ ನಾನು ಶಿಫಾರಸು ಮಾಡುವುದಿಲ್ಲ. ಅವುಗಳಲ್ಲೂ ಕೊನೆಗೆ ಉಷ್ಣ ಹೋಗುವುದು ಅದೇ 38° ಗಾಳಿಗೆ, ಅದೇ ಧೂಳು ಹಿಡಿಯುವ ಹಾಳೆಗಳ ಮೂಲಕ. ಮೇಲೊಂದು ಪಂಪ್ ಕೆಡುವ ಸಾಧ್ಯತೆ ಸೇರುತ್ತದೆ, ಅಷ್ಟೆ. ಲೋಹದ ಗೋಪುರದಲ್ಲಿ ಕೆಡುವುದು ಫ್ಯಾನ್ ಒಂದೇ. ಅದು ದಾವಣಗೆರೆಯಲ್ಲೂ ಸಿಗುತ್ತದೆ.

ಕೊಳ್ಳುವ ಮೊದಲು ಅಳೆಯಬೇಕಾದ್ದು ಕ್ಯಾಬಿನೆಟ್. ಎನ್ಎಚ್-ಡಿ15ರ ಎತ್ತರ 165 ಮಿ.ಮೀ., ಎಕೆ620ರದು 160. ಅಗ್ಗದ ಹಲವು ಕ್ಯಾಬಿನೆಟ್‌ಗಳ ಪಕ್ಕದ ಬಾಗಿಲು ಇವುಗಳ ಮೇಲೆ ಮುಚ್ಚುವುದಿಲ್ಲ. ತೂಕವೂ ಲೆಕ್ಕಕ್ಕೆ ಬರಬೇಕು. ಫ್ಯಾನುಗಳೊಂದಿಗೆ ಎನ್ಎಚ್-ಡಿ15 ತೂಗುವುದು 1.32 ಕಿ.ಗ್ರಾಂ. ನಿಂತ ಕ್ಯಾಬಿನೆಟ್ಟಿನಲ್ಲಿ ಇದು ಮದರ್‌ಬೋರ್ಡಿನಿಂದ ಅಡ್ಡಲಾಗಿ ಚಾಚಿಕೊಂಡಿರುತ್ತದೆ. ಗುರುತ್ವಕೇಂದ್ರ 8 ಸೆಂ.ಮೀ. ಆಚೆ ಎಂದರೆ ತಿರುಚುಬಲ ಸುಮಾರು 1 ನ್ಯೂಟನ್-ಮೀಟರ್. ಮನೆಯಲ್ಲಿ ಸುಮ್ಮನೆ ನಿಂತಿದ್ದರೆ ತೊಂದರೆ ಇಲ್ಲ. ಬೆಂಗಳೂರಿನಲ್ಲಿ ಜೋಡಿಸಿ ಬಸ್ಸಿನಲ್ಲಿ ತರುವಾಗ, ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಇಳಿದ ಮೇಲೆ, ಪ್ರತಿ ಗುಂಡಿಗೂ ಅದು ಹಲವು ಪಟ್ಟಾಗುತ್ತದೆ. ಕೂಲರನ್ನು ಬಿಚ್ಚಿ ಬೇರೆ ತನ್ನಿ. ಅದಾಗದಿದ್ದರೆ ಕೂಲರ್ ಮೇಲ್ಮುಖವಾಗಿ ನಿಲ್ಲುವಂತೆ ಕ್ಯಾಬಿನೆಟ್ಟನ್ನು ಮಲಗಿಸಿ ತನ್ನಿ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನ್ನ ತೀರ್ಮಾನ ಹೀಗಿದೆ. 65 ವಾಟ್ ವರ್ಗದ ಪ್ರೊಸೆಸರಿಗೆ ಒಂದೇ ಗೋಪುರದ, 120 ಮಿ.ಮೀ. ಫ್ಯಾನಿನ ಕೂಲರ್ ಸಾಕು. ನಮ್ಮ ಉದಾಹರಣೆಯ 0.45ರ ಕೂಲರ್ ಕೂಡ 43° ಗಾಳಿಯಲ್ಲಿ 88 ವಾಟಿಗೆ 83° ಕೊಡುತ್ತದೆ. ಗಂಟೆಗಟ್ಟಲೆ 120 ವಾಟಿಗಿಂತ ಹೆಚ್ಚು ಎಳೆಯುವ ಕೆಲಸವಿದ್ದರೆ ಎರಡು ಗೋಪುರದ್ದು ಬೇಕು. ಆಗಲೂ ಮಧ್ಯಮ ಬೆಲೆಯದು ಸಾಕು. ಉಳಿದ ಹಣವನ್ನು ಮುಂಭಾಗ ಜಾಲರಿಯಿರುವ, ತೊಳೆಯಬಹುದಾದ ಧೂಳುಶೋಧಕದ ಕ್ಯಾಬಿನೆಟ್ಟಿಗೂ ಒಳ್ಳೆಯ ಯುಪಿಎಸ್‌ಗೂ ಹಾಕಿ. 230 ವಾಟಿನ ಪ್ರೊಸೆಸರನ್ನು ಮೇ ತಿಂಗಳಲ್ಲಿ ಗಾಳಿಯಿಂದಲೇ ಪೂರ್ಣ ಶಕ್ತಿಯಲ್ಲಿ ಓಡಿಸುತ್ತೇನೆ ಎನ್ನುವುದು ಹಠ. ಬಯಾಸ್‌ನಲ್ಲಿ ಶಕ್ತಿಯ ಮಿತಿ ಇಳಿಸುವುದು ವಿವೇಕ. ಚಿಪ್ಪಿನ ಶಕ್ತಿ ವೋಲ್ಟೇಜಿನ ವರ್ಗಕ್ಕೂ ಆವೃತ್ತಿಗೂ ಅನುಪಾತದಲ್ಲಿರುವುದರಿಂದ, ಕೊನೆಯ ಸ್ವಲ್ಪ ವೇಗಕ್ಕಾಗಿ ಅದು ಬಹಳಷ್ಟು ವಾಟ್ ನುಂಗುತ್ತದೆ. ಶಕ್ತಿಯನ್ನು ಅರ್ಧಕ್ಕೆ ಇಳಿಸಿದರೆ ವೇಗ ಅರ್ಧಕ್ಕೆ ಇಳಿಯುವುದಿಲ್ಲ.

ಈ ಮಾತುಗಳನ್ನು ನೀವು ನಂಬಬೇಕಾಗಿಲ್ಲ, ಅಳೆಯಬಹುದು. ಪ್ರೊಸೆಸರಿನ ತಾಪವನ್ನೂ ಅದು ಎಳೆಯುವ ವಾಟನ್ನೂ ತೋರಿಸುವ ಉಚಿತ ತಂತ್ರಾಂಶಗಳಿವೆ. ಫ್ಯಾನ್ ವೇಗವನ್ನು ಒಂದೇ ಮಟ್ಟದಲ್ಲಿ ಸ್ಥಿರಗೊಳಿಸಿ. ಬಯಾಸ್‌ನಲ್ಲಿ ಶಕ್ತಿಯ ಮಿತಿಯನ್ನು 35, 50, 65, 88 ಹೀಗೆ ಬದಲಿಸುತ್ತಾ ಪ್ರತಿ ಸಲ ಕಾಲು ಗಂಟೆ ಭಾರದ ಕೆಲಸ ಕೊಟ್ಟು, ತಾಪ ನಿಂತ ಮೇಲೆ ಬರೆದುಕೊಳ್ಳಿ. ಅಡ್ಡ ಅಕ್ಷದಲ್ಲಿ ವಾಟ್, ಲಂಬ ಅಕ್ಷದಲ್ಲಿ ತಾಪ ಇಟ್ಟು ಗ್ರಾಫ್ ಎಳೆದರೆ ಹೆಚ್ಚುಕಡಿಮೆ ಸರಳರೇಖೆ ಬರುತ್ತದೆ. ಅದರ ಇಳಿಜಾರು ನಿಮ್ಮ ಯಂತ್ರದ ಉಷ್ಣರೋಧ. ರೇಖೆ ಲಂಬ ಅಕ್ಷವನ್ನು ಮುಟ್ಟುವ ಬಿಂದು ಕೂಲರಿನ ಬಾಯಿಗೆ ಬರುತ್ತಿರುವ ಗಾಳಿಯ ತಾಪಕ್ಕೆ ಹತ್ತಿರವಿರುತ್ತದೆ. ಪ್ರಯೋಗಾಲಯದ ಥರ್ಮಾಮೀಟರನ್ನು ಕ್ಯಾಬಿನೆಟ್ ಹೊರಗೆ ತೂಗುಹಾಕಿ ಈ ಬಿಂದುವಿನೊಂದಿಗೆ ಹೋಲಿಸಿ. ಅಂತರ ಹತ್ತು ಡಿಗ್ರಿ ದಾಟಿದರೆ ನಿಮಗೆ ಬೇಕಾದ್ದು ಹೊಸ ಕೂಲರ್ ಅಲ್ಲ, ಕ್ಯಾಬಿನೆಟ್ಟಿಗೆ ಇನ್ನೊಂದು ಫ್ಯಾನ್. ಪ್ರಯೋಗವನ್ನು ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಮಾಡಿ. ರೇಖೆ ಇಳಿಜಾರು ಬದಲಿಸದೆ ಮೇಲಕ್ಕೆ ಸರಿದಿದ್ದರೆ ಅದು ಬೇಸಿಗೆ. ಇಳಿಜಾರೇ ಕಡಿದಾಗಿದ್ದರೆ ಅದು ಧೂಳು.